ಪೌಚೈಟಿಸ್‌ಗೆ ಎಂಟು ತಳಿಯ ಪ್ರೋಬಯೋಟಿಕ್ ಸ್ಯಾಶೆ: 14 ತಿಂಗಳು ತಗೊಂಡ ಮೇಲೆ ಬರೀತಿರೋ ರಿವ್ಯೂ

ಸ್ಟಾರ್ ಕೊಡ್ಲೇಬೇಕು ಅಂದ್ರೆ 5ಕ್ಕೆ 4. ಆದ್ರೆ ಬರೀ ಸ್ಟಾರ್ ನೋಡ್ಕೊಂಡು ಆರ್ಡರ್ ಮಾಡ್ಬೇಡಿ, ಪೂರ್ತಿ ಓದಿ, ಯಾಕಂದ್ರೆ ಈ ಒಳ್ಳೇ ಬ್ಯಾಕ್ಟೀರಿಯಾದ ಪುಡಿ ಎಲ್ಲರ ಹೊಟ್ಟೆಗೂ ಆಗೋ ಸಾಮಾನಲ್ಲ, ದುಡ್ಡೂ ಕಮ್ಮಿ ಅಲ್ಲ, ತಪ್ಪಾಗಿ ತಗೊಂಡ್ರೆ ದಂಡ.

ಯಾರಿಗೋಸ್ಕರ ಬರೀತಿದೀನಿ ಅಂತ ಮೊದ್ಲು ಹೇಳ್ಬಿಡ್ತೀನಿ. ನನ್ನ ತಮ್ಮನಿಗೆ 2014ರಿಂದ ಅಲ್ಸರೇಟಿವ್ ಕೊಲೈಟಿಸ್ ಇತ್ತು, ಅಂದ್ರೆ ದೊಡ್ಡ ಕರುಳಿನ ಒಳಪದರಕ್ಕೆ ಉರಿಯೂತ, ಹುಣ್ಣು ಆಗೋ ಕಾಯಿಲೆ, ಏಳು ವರ್ಷ ಮಾತ್ರೆ, ಸ್ಟೀರಾಯ್ಡ್, ಇಂಜೆಕ್ಷನ್ ಎಲ್ಲಾ ಆದ್ಮೇಲೂ ರಕ್ತ ಹೋಗೋದು ನಿಲ್ಲದೆ 2021ರಲ್ಲಿ ದೊಡ್ಡ ಕರುಳು ತೆಗೆದ್ರು, ಹೊಟ್ಟೆ ಮೇಲೆ ಬ್ಯಾಗ್ ಹಾಕಿದ್ರು, ಆಮೇಲೆ ಇನ್ನೆರಡು ಆಪರೇಷನ್ ಮಾಡಿ ಸಣ್ಣ ಕರುಳಿನ ಕೊನೇ ಭಾಗನ ಮಡಚಿ ಚೀಲದ ತರ ಹೊಲಿದು ಕೆಳಗೆ ಜೋಡಿಸಿ ಬ್ಯಾಗ್ ತೆಗೆದ್ರು. ಅದೇ ಜೆ-ಪೌಚ್. ಅವ್ನು ತಿಪಟೂರಲ್ಲಿ ಕೊಬ್ಬರಿ ಮಂಡಿಲಿ ಕೂರೋನು, ವ್ಯಾಪಾರದ ದಿನ ಬೆಳಗ್ಗೆಯಿಂದ ಸೀಟ್ ಬಿಟ್ಟು ಏಳೋಕಾಗಲ್ಲ, ರೇಟ್ ಕೂಗ್ತಿರೋವಾಗ ಎದ್ದು ಹೋದ್ರೆ ಆ ಲಾಟ್ ಇನ್ನೊಬ್ಬರ ಪಾಲು. ಪೌಚ್ ಇರೋರಿಗೆ ದಿನಕ್ಕೆ 4ರಿಂದ 8 ಸಲ ಹೋಗೋದು ಮಾಮೂಲಿ, ಅದಕ್ಕೆ ಅವ್ನು ಹೊಂದ್ಕೊಂಡಿದ್ದ. ಬ್ಯಾಗ್ ತೆಗೆದು ಎಂಟನೇ ತಿಂಗಳಿಗೆ ಒಂದಿನ 15 ಸಲ ಆಯ್ತು. ರಾತ್ರಿ ಮೂರು ಸಲ. ಕೆಳಹೊಟ್ಟೆ ಹಿಂಡಿದ ಹಾಗೆ ನೋವು, ಸಣ್ಣ ಜ್ವರ, ಹೋಗಿ ಬಂದ ಮರುಕ್ಷಣವೇ ಮತ್ತೆ ಹೋಗ್ಬೇಕು ಅನ್ನೋ ಅವಸರ. ನಮ್ಮಮ್ಮ ಅಂತೂ ಹಳೇ ಕಾಯಿಲೆ ವಾಪಸ್ ಬಂತು ಅಂತ ದೇವರ ಮನೆ ಮುಂದೆ ಕೂತು ಅತ್ತುಬಿಟ್ರು. ದೊಡ್ಡ ಕರುಳೇ ಇಲ್ಲ, ಕಾಯಿಲೆ ಎಲ್ಲಿಂದ ಬರುತ್ತೆ ಅನ್ನೋದು ನಮ್ಮೆಲ್ಲರ ಪ್ರಶ್ನೆ.

ಡಾಕ್ಟ್ರು ಸಣ್ಣ ಕ್ಯಾಮೆರಾ ಬಿಟ್ಟು ನೋಡಿ, ಚೂರು ಮಾಂಸ ತೆಗೆದು ಬಯಾಪ್ಸಿಗೆ ಕಳಿಸಿ ಹೆಸರು ಹೇಳಿದ್ರು, ಪೌಚೈಟಿಸ್. ಅಂದ್ರೆ ಹೊಸ ಚೀಲಕ್ಕೇ ಉರಿಯೂತ. ಅಲ್ಸರೇಟಿವ್ ಕೊಲೈಟಿಸ್‌ಗೆ ಈ ಆಪರೇಷನ್ ಆದೋರಲ್ಲಿ ಹೆಚ್ಚುಕಮ್ಮಿ ಅರ್ಧ ಜನಕ್ಕೆ ಜೀವನದಲ್ಲಿ ಒಂದ್ಸಲನಾದ್ರೂ ಬರುತ್ತಂತೆ. ಎರಡು ವಾರ ಸಿಪ್ರೋಫ್ಲಾಕ್ಸಸಿನ್ ಅನ್ನೋ ಆಂಟಿಬಯೋಟಿಕ್ ಕೊಟ್ರು, ಮೂರನೇ ದಿನಕ್ಕೆ ಆರಾಮ. ನಾವು ಮುಗೀತು ಅಂದ್ಕೊಂಡ್ವಿ. ಎರಡೂವರೆ ತಿಂಗಳಿಗೆ ಮತ್ತೆ ಬಂತು, ಮತ್ತೆ ಆಂಟಿಬಯೋಟಿಕ್. ಮೂರನೇ ಸಲ ಮೆಟ್ರೊನಿಡಜೋಲ್ ಕೊಟ್ರು, ಅದು ತಗೊಂಡಷ್ಟು ದಿನ ಬಾಯಲ್ಲಿ ತುಕ್ಕು ಕಬ್ಬಿಣ ನೆಕ್ಕಿದ ರುಚಿ, ಅನ್ನ ಸೇರಲ್ಲ, ತುಂಬಾ ದಿನ ತಗೊಂಡ್ರೆ ಕಾಲಿನ ನರಕ್ಕೂ ತೊಂದರೆ ಆಗಬಹುದು ಅಂತ ಬೇರೆ ಹೇಳಿದ್ರು. ಆ ಮೂರನೇ ಕೋರ್ಸ್ ಮುಗಿಯೋ ಹೊತ್ತಿಗೆ ಡಾಕ್ಟ್ರು ಈ ಸ್ಯಾಶೆ ಬರೆದುಕೊಟ್ಟಿದ್ದು. ಇದು ವಾಸಿ ಮಾಡೋಕಲ್ಲ, ವಾಸಿ ಆಗಿರೋದನ್ನ ಹಾಗೇ ಹಿಡಿದಿಡೋಕೆ ಅಂತ ಚೀಟಿ ಮೇಲೇ ಗೆರೆ ಎಳೆದು ಹೇಳಿದ್ರು. ಇಡೀ ರಿವ್ಯೂಲಿ ನೆನಪಿಟ್ಕೊಳ್ಳಬೇಕಾದ್ದು ಈ ಮಾತೊಂದೇ.

ಈಗ ಸಾಮಾನಿನ ಬಗ್ಗೆ. ಒಂದು ಡಬ್ಬಿಲಿ ಬೆಳ್ಳಿ ಬಣ್ಣದ ಚಿಕ್ಕ ಪೊಟ್ಟಣಗಳು, ಒಳಗೆ ಮಾಸಲು ಬಿಳಿ ಪುಡಿ, ಮುಟ್ಟಿದ್ರೆ ಜೋಳದ ಹಿಟ್ಟಿನ ತರ ನುಣ್ಣಗೆ, ವಾಸನೆ ಹುಳಿ ಮೊಸರಿನ ಪಾತ್ರೆ ತೊಳೆಯೋ ಮುಂಚೆ ಬರುತ್ತಲ್ಲ ಹಾಗೆ ತುಂಬಾ ಸಣ್ಣದಾಗಿ. ನೀರಿಗೆ ಹಾಕಿದ್ರೆ ಪೂರ್ತಿ ಕರಗಲ್ಲ, ತಳದಲ್ಲಿ ಕೂರುತ್ತೆ, ಲೋಟ ಅಲ್ಲಾಡಿಸಿ ಮತ್ತೆ ಸ್ವಲ್ಪ ನೀರು ಹಾಕಿ ಕುಡೀಬೇಕು, ಇಲ್ಲಾಂದ್ರೆ ಅರ್ಧ ಡೋಸ್ ಸಿಂಕ್ ಪಾಲು. ಒಳಗಿರೋದು ಎಂಟು ತಳಿ ಬ್ಯಾಕ್ಟೀರಿಯಾ. ನಾಲ್ಕು ಲ್ಯಾಕ್ಟೋಬ್ಯಾಸಿಲಸ್, ಮೂರು ಬೈಫಿಡೋಬ್ಯಾಕ್ಟೀರಿಯಂ, ಒಂದು ಸ್ಟ್ರೆಪ್ಟೋಕಾಕಸ್ ಥರ್ಮೋಫಿಲಸ್. ನಮ್ಮ ಸ್ಯಾಶೆ ಒಂದರಲ್ಲಿ 45 ಸಾವಿರ ಕೋಟಿ ಜೀವಾಣು ಅಂತ ಬರೆದಿದೆ, ಡಬ್ಬಿ ಮೇಲೆ ಅದನ್ನೇ 450 ಬಿಲಿಯನ್ ಅಂತ ಹಾಕಿರ್ತಾರೆ. ಇವ್ನಿಗೆ ಮೊದ್ಲು ಬರೆದಿದ್ದು ದಿನಕ್ಕೆ ನಾಲ್ಕು, ಅಂದ್ರೆ 1800 ಬಿಲಿಯನ್. ಮೆಡಿಕಲ್ ಸ್ಟೋರಲ್ಲಿ ಭೇದಿಗೆ ಕೊಡೋ ಮಾಮೂಲಿ ಕ್ಯಾಪ್ಸೂಲಲ್ಲಿ ಇದರ ಹತ್ತಿರಕ್ಕೂ ಬರದಷ್ಟು ಕಮ್ಮಿ ಇರುತ್ತೆ. ಎರಡೂ ಪ್ರೋಬಯೋಟಿಕ್ಕೇ ತಾನೆ ಅಂತ ಅಂಗಡಿಯವ್ರು ಬದಲಿ ಕೊಟ್ರೆ ತಗೋಬೇಡಿ, ದಯವಿಟ್ಟು.

ನಾವು ತಗೊಳ್ಳೋ ಡಬ್ಬಿ ಹೆಸರು ಇಲ್ಲಿ ಹಾಕಿಲ್ಲ, ಬೇಕಂತಲೇ. ಯಾಕಂದ್ರೆ ಈ ವಿಷಯದಲ್ಲಿ ಹೆಸರಿಂದಲೇ ಜನಕ್ಕೆ ಗೊಂದಲ. ಇಟಲಿಯ ಕ್ಲಾಡಿಯೋ ದೆ ಸಿಮೋನೆ ಅನ್ನೋ ಪ್ರೊಫೆಸರ್ ಮಾಡಿದ ಮಿಶ್ರಣ ಇದು, ಹಳೇ ಪ್ರಯೋಗಗಳೆಲ್ಲಾ ವಿಎಸ್‌ಎಲ್ 3 ಅನ್ನೋ ಹೆಸರಲ್ಲಿ ಆಗಿದ್ದು. 2016ರ ಹೊತ್ತಿಗೆ ಅವ್ರೂ ಅದನ್ನ ಮಾರ್ತಿದ್ದ ಕಂಪನಿನೂ ಬೇರೆ ಆದ್ಮೇಲೆ ಅಮೆರಿಕದಲ್ಲಿ ಆ ಮೂಲ ಸೂತ್ರ ವಿಸ್‌ಬಯೋಮ್ ಅಂತ, ಯೂರೋಪಲ್ಲಿ ವಿವೋಮಿಕ್ಸ್ ಅಂತ ಬರೋಕೆ ಶುರುವಾಯ್ತು, ಹಳೇ ಹೆಸರು ಹಳೇ ಕಡೆನೇ ಉಳೀತು, ಕೋರ್ಟಿಗೂ ಹೋಯ್ತು. ಹಂಗಾಗಿ ಹೆಸರು ನೋಡಿ ತಗೊಳ್ಳೋದಲ್ಲ, ಡಬ್ಬಿ ತಿರುಗಿಸಿ ಎಂಟೂ ತಳಿ ಹೆಸರು ಇದೆಯಾ, ಎಷ್ಟು ಬಿಲಿಯನ್, ಎಕ್ಸ್‌ಪೈರಿ ಯಾವಾಗ, ಎಷ್ಟು ಡಿಗ್ರಿಲಿ ಇಡಬೇಕು ಅಂತ ಓದಿ, ಫೋಟೋ ತೆಗೆದು ನಿಮ್ಮ ಡಾಕ್ಟ್ರಿಗೆ ಕಳಿಸಿ, ಅವ್ರು ಹೂಂ ಅಂದ್ಮೇಲೆ ದುಡ್ಡು ಕೊಡಿ.

ಇನ್ನು ದೊಡ್ಡ ಕರುಳಿಲ್ದೆ ಕಾಯಿಲೆ ಹೇಗೆ ಬರುತ್ತೆ ಅನ್ನೋ ನಮ್ಮಮ್ಮನ ಪ್ರಶ್ನೆ. ಇದು ಗೊತ್ತಾಗದೆ ಇದ್ರೆ ಪುಡಿ ಯಾಕೆ ಕುಡೀಬೇಕು ಅನ್ನೋದೂ ಗೊತ್ತಾಗಲ್ಲ, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ, ಡಾಕ್ಟ್ರು ಹೇಳಿದ್ದು ಮತ್ತೆ ನಾನು ಆಮೇಲೆ ಓದಿ ತಿಳ್ಕೊಂಡಿದ್ದು ಸೇರಿಸಿ. ಸಣ್ಣ ಕರುಳಿನ ಕೊನೇ ಭಾಗ ಹುಟ್ಟಿದಾಗಿಂದ ಬರೀ ಹಾದುಹೋಗೋ ದಾರಿ, ಅಲ್ಲಿ ಏನೂ ನಿಲ್ಲಲ್ಲ, ಬ್ಯಾಕ್ಟೀರಿಯಾನೂ ದೊಡ್ಡ ಕರುಳಿಗೆ ಹೋಲಿಸಿದ್ರೆ ತುಂಬಾ ಕಮ್ಮಿ. ಅದನ್ನ ಮಡಚಿ ಚೀಲ ಮಾಡಿದ್ಮೇಲೆ ಮಲ ಅಲ್ಲೇ ಗಂಟೆಗಟ್ಟಲೆ ನಿಲ್ಲುತ್ತೆ. ನನ್ನ ತಮ್ಮ ಇದನ್ನ ಅವ್ನ ಭಾಷೇಲಿ ಹೇಳಿದ, "ಅಕ್ಕ, ಮೊದ್ಲು ಅದು ಬರೀ ರೋಡು, ಈಗ ಗೋಡೌನ್ ಆಗಿದೆ, ಗೋಡೌನ್ ಅಂದ್ಮೇಲೆ ಇಲಿ ಹೆಗ್ಗಣ ಬಂದೇ ಬರುತ್ತೆ, ಕಾವಲಿನೋರೂ ಬೇಕೇ ಬೇಕು." ಎಷ್ಟು ಸರಿಯಾಗಿ ಹೇಳಿದ ಅಂದ್ರೆ ಡಾಕ್ಟ್ರೂ ತಲೆ ಆಡಿಸಿದ್ರು. ಕೆಲವು ತಿಂಗಳಲ್ಲಿ ಆ ಚೀಲದ ಒಳಪದರ ಹೊಸ ಕೆಲಸಕ್ಕೆ ತಕ್ಕ ಹಾಗೆ ಬದಲಾಗುತ್ತೆ. ಸಣ್ಣ ಕರುಳಲ್ಲಿ ಬೆರಳಿನ ತರ ಎದ್ದಿರೋ ವಿಲ್ಲೈಗಳು ಕುಗ್ಗುತ್ವೆ, ಬುಡದ ಗುಣಿಗಳು ಆಳ ಆಗುತ್ವೆ, ಲೋಳೆಯ ಜಾತಿನೇ ಬದಲಾಗಿ ದೊಡ್ಡ ಕರುಳಿನ ಲೋಳೆ ತರ ಆಗುತ್ತೆ. ಅಂದ್ರೆ ತೆಗೆದು ಹಾಕಿದ ದೊಡ್ಡ ಕರುಳಿನ ಗುಣ ಸಣ್ಣ ಕರುಳಿಗೆ ಬರ್ತಾ ಹೋಗುತ್ತೆ.

ಕಾವಲಿನೋರು ಅಂದ್ರೆ ನಮ್ಮ ಇಮ್ಯೂನ್ ಸಿಸ್ಟಮ್. ಕರುಳಿನ ಗೋಡೆಲಿ ಅವ್ರು ಯಾವಾಗಲೂ ಇರ್ತಾರೆ, ಒಳ್ಳೇ ಬ್ಯಾಕ್ಟೀರಿಯಾನ ನೋಡಿದ್ರೂ ಸುಮ್ಮನಿರ್ತಾರೆ, ಅದು ಅವ್ರಿಗೆ ಕಲಿತ ಶಿಸ್ತು. ಪೌಚೈಟಿಸ್‌ನಲ್ಲಿ ಆ ಶಿಸ್ತು ಹೋಗುತ್ತೆ. ಒಳಪದರದಿಂದ ಟಿಎನ್‌ಎಫ್, ಐಎಲ್-1 ಬೀಟಾ, ಐಎಲ್-6, ಐಎಲ್-8, ಇಂಟರ್‌ಫೆರಾನ್ ಗಾಮಾ ಅಂತ ಸೈಟೊಕೈನ್‌ಗಳು ಜಾಸ್ತಿ ಬರೋಕೆ ಶುರುವಾಗುತ್ತೆ, ಇವೆಲ್ಲಾ ಒಂದು ಜೀವಕೋಶ ಇನ್ನೊಂದಕ್ಕೆ ಕಳಿಸೋ ಸುದ್ದಿ ಅಂತ ಇಟ್ಕೊಳ್ಳಿ. ಐಎಲ್-8 ಕೆಲಸ ನ್ಯೂಟ್ರೋಫಿಲ್ ಅನ್ನೋ ಬಿಳಿ ರಕ್ತಕಣಗಳನ್ನ ಕೂಗಿ ಕರೆಯೋದು. ಅವು ಹಿಂಡು ಹಿಂಡಾಗಿ ಬಂದು ಒಳಪದರದೊಳಗೆ ನುಗ್ಗಿ ಸಣ್ಣ ಸಣ್ಣ ಕೀವಿನ ಗುಣಿ, ಹುಣ್ಣು ಮಾಡುತ್ವೆ. ಬಯಾಪ್ಸಿ ರಿಪೋರ್ಟಲ್ಲಿ ಇವ್ನಿಗೆ ಬರೆದಿದ್ದೂ ಅದನ್ನೇ, ನ್ಯೂಟ್ರೋಫಿಲ್ ತುಂಬಿದೆ, ಹುಣ್ಣಿದೆ ಅಂತ. ಇದೇ ಸಮಯದಲ್ಲಿ ಸಮಾಧಾನ ಮಾಡೋ ಕಡೆಯವ್ರು, ಅಂದ್ರೆ ಐಎಲ್-10 ಮತ್ತೆ ರೆಗ್ಯುಲೇಟರಿ ಟಿ ಕೋಶಗಳು, ಈ ಗಲಾಟೆನ ತಡೆಯೋಕೆ ಸಾಲದೆ ಹೋಗ್ತಾರೆ.

ನನಗೆ ತುಂಬಾ ತಲೆಗೆ ಹೋಗಿದ್ದು ಇನ್ನೊಂದು ವಿಷಯ. ಎಫ್‌ಎಪಿ ಅಂತ ಒಂದು ವಂಶಪಾರಂಪರ್ಯ ಕಾಯಿಲೆ ಇದೆ, ದೊಡ್ಡ ಕರುಳು ತುಂಬಾ ನೂರಾರು ಗಂಟು ಬೆಳೆಯುತ್ತೆ, ಕ್ಯಾನ್ಸರ್ ಆಗುತ್ತೆ ಅಂತ ಅವ್ರಿಗೂ ಕರುಳು ತೆಗೆದು ಇದೇ ಪೌಚ್ ಹಾಕ್ತಾರೆ. ಅದೇ ಆಪರೇಷನ್, ಅದೇ ಹೊಲಿಗೆ, ಅದೇ ಚೀಲ, ಆದ್ರೆ ಅವ್ರಿಗೆ ಪೌಚೈಟಿಸ್ ಬರೋದು ತುಂಬಾ ಅಪರೂಪ. ಹಂಗಂದ್ರೆ ತಪ್ಪು ಹೊಲಿಗೆದಲ್ಲ, ಸರ್ಜನ್‌ದೂ ಅಲ್ಲ. ಕೊಲೈಟಿಸ್ ಬಂದೋರ ಇಮ್ಯೂನ್ ಸಿಸ್ಟಮ್ ಜೊತೆಗೇ ಬಂದಿರೋ ಗುಣ ಅದು, ಕರುಳು ತೆಗೆದ್ರೂ ಆ ಗುಣ ಮೈಯಲ್ಲೇ ಉಳಿಯುತ್ತೆ. ಅಲ್ಲೀತನಕ ನಮ್ಮ ಮನೇಲಿ ಸರ್ಜನ್ ಮೇಲೆ ಒಳಗೊಳಗೇ ಸಿಟ್ಟಿತ್ತು, ಇದು ಗೊತ್ತಾದ ದಿನ ಅದು ಇಳೀತು.

ಬ್ಯಾಕ್ಟೀರಿಯಾ ಕಡೆನೂ ವ್ಯತ್ಯಾಸ ಇದೆ. ಅಮೆರಿಕದ ಸ್ಟ್ಯಾನ್‌ಫರ್ಡ್‌ನವ್ರು 2020ರಲ್ಲಿ ಕೊಲೈಟಿಸ್ ಇದ್ದವರ ಪೌಚು, ಎಫ್‌ಎಪಿ ಇದ್ದವರ ಪೌಚು ಎರಡನ್ನೂ ಹೋಲಿಸಿ ನೋಡಿದ್ರು. ಪಿತ್ತರಸನ ಇನ್ನೊಂದು ರೂಪಕ್ಕೆ ಬದಲಾಯಿಸೋ ಒಂದು ಕುಟುಂಬದ ಬ್ಯಾಕ್ಟೀರಿಯಾ ಇದೆ, ರೂಮಿನೋಕಾಕೇಸಿ ಅಂತ, ಅದು ಕೊಲೈಟಿಸ್‌ನವರ ಪೌಚಲ್ಲಿ ಕಮ್ಮಿ, ಹಂಗಾಗಿ ಆ ಬದಲಾದ ಪಿತ್ತಾಮ್ಲನೂ ಕಮ್ಮಿ. ಆ ಪಿತ್ತಾಮ್ಲನ ಇಲಿಗಳಿಗೆ ಕೊಟ್ಟಾಗ ಕರುಳಿನ ಉರಿಯೂತ ಇಳೀತು. ಅಂದ್ರೆ ಬ್ಯಾಕ್ಟೀರಿಯಾ ಮಾಡೋ ಸಾಮಾನು ನಮ್ಮ ಬಿಳಿ ರಕ್ತಕಣಗಳಿಗೆ ಸುಮ್ನಿರು ಅಂತ ಹೇಳುತ್ತೆ, ಆ ಸಾಮಾನು ಇಲ್ದಿದ್ರೆ ಹೇಳೋರು ಇಲ್ಲ. ಆಂಟಿಬಯೋಟಿಕ್ ಕೊಟ್ರೆ ಮೂರು ದಿನಕ್ಕೆ ಆರಾಮ ಆಗೋದೂ, ನಿಲ್ಲಿಸಿದ್ರೆ ವಾಪಸ್ ಬರೋದೂ ಯಾಕೆ ಅಂತ ನನಗೆ ಆಗ ಅರ್ಥ ಆಯ್ತು. ಗಲಾಟೆ ಮಾಡೋರನ್ನ ಓಡಿಸ್ತೀವಿ, ಆದ್ರೆ ಜಾಗ ಖಾಲಿ ಬಿಡ್ತೀವಿ.

ಈ ಪುಡಿ ಕೆಲಸ ಅಲ್ಲಿ. ಖಾಲಿ ಆದ ಜಾಗಕ್ಕೆ ಒಳ್ಳೇವನ್ನ ದಿನಾ ಕಳಿಸ್ತಾ ಇರೋದು. ಇಟಲಿಯಲ್ಲಿ ಇದನ್ನ ತಗೊಂಡ ಪೌಚ್ ರೋಗಿಗಳ ಬಯಾಪ್ಸಿ ನೋಡಿದಾಗ ಟಿಎನ್‌ಎಫ್, ಇಂಟರ್‌ಫೆರಾನ್ ಇಳಿದು ಐಎಲ್-10 ಏರಿತ್ತು, ಇನ್ನೊಂದು ಅಧ್ಯಯನದಲ್ಲಿ ಐಎಲ್-8 ಕಮ್ಮಿಯಾಗಿ ನ್ಯೂಟ್ರೋಫಿಲ್ ಸಂಖ್ಯೆನೂ ಕಮ್ಮಿ ಕಂಡಿತ್ತು, ಮತ್ತೊಂದರಲ್ಲಿ ಆ ರೆಗ್ಯುಲೇಟರಿ ಕೋಶಗಳು ಜಾಸ್ತಿ ಆಗಿದ್ವು. ಬರೀ ಜೀರ್ಣಕ್ಕೆ ಒಳ್ಳೇದು ಅನ್ನೋ ಜಾಹೀರಾತಿನ ಮಾತಿಗಿಂತ ಇದು ಬೇರೆ ಲೆಕ್ಕದ ಮಾತು.

ನಂಬರ್ ಬೇಕು ಅನ್ನೋರಿಗೆ. 2000ನೇ ಇಸವಿಲಿ ಇಟಲಿಯ ಬೊಲೋನ್ಯಾದ ಪಾವ್ಲೋ ಜಿಯೊಂಕೆಟ್ಟಿ ಮತ್ತೆ ಅವ್ರ ತಂಡ ಪದೇ ಪದೇ ಪೌಚೈಟಿಸ್ ಬರ್ತಿದ್ದ 40 ಜನಕ್ಕೆ ಮೊದ್ಲು ಆಂಟಿಬಯೋಟಿಕ್ ಕೊಟ್ಟು ಪೂರ್ತಿ ಆರಾಮ ಮಾಡಿ, ಆಮೇಲೆ 20 ಜನಕ್ಕೆ ದಿನಕ್ಕೆ 6 ಗ್ರಾಂ ಈ ಪುಡಿ, 20 ಜನಕ್ಕೆ ಬರೀ ಡಮ್ಮಿ ಪುಡಿ 9 ತಿಂಗಳು ಕೊಟ್ರು. ಡಮ್ಮಿ ತಗೊಂಡ 20ಕ್ಕೆ 20 ಜನಕ್ಕೂ ವಾಪಸ್ ಬಂತು, ನಿಜವಾದ ಪುಡಿ ತಗೊಂಡೋರಲ್ಲಿ 3 ಜನಕ್ಕೆ ಮಾತ್ರ. 2004ರಲ್ಲಿ ಇನ್ನೊಂದು ಪ್ರಯೋಗ, 36 ಜನ, ಒಂದು ವರ್ಷ, ಪುಡಿ ತಗೊಂಡ 20ರಲ್ಲಿ 17 ಜನ ಆರಾಮ, ಡಮ್ಮಿಯ 16ರಲ್ಲಿ ಒಬ್ಬರು ಮಾತ್ರ. ಓದಿದ ರಾತ್ರಿ ನಾನು ತಮ್ಮನಿಗೆ ಫೋನ್ ಮಾಡಿ ಎಬ್ಬಿಸಿ ಹೇಳಿದ್ದೆ. ಆದ್ರೆ ಪೂರ್ತಿ ಹೇಳದಿದ್ರೆ ಮೋಸ ಆಗುತ್ತೆ. ಮೊದಲ್ನೇ ಪ್ರಯೋಗದಲ್ಲಿ ಆರಾಮಾಗಿದ್ದ ಆ 17 ಜನಕ್ಕೂ ಪುಡಿ ನಿಲ್ಲಿಸಿದ ನಾಲ್ಕು ತಿಂಗಳೊಳಗೆ ಪೌಚೈಟಿಸ್ ವಾಪಸ್ ಬಂತು. ಅಂದ್ರೆ ತಗೊಳ್ತಾ ಇರೋ ತನಕ ಮಾತ್ರ. ಇನ್ನೊಂದು, 2005ರಲ್ಲಿ ಅಮೆರಿಕದಲ್ಲಿ ಆಂಟಿಬಯೋಟಿಕ್ ಬಿಟ್ರೆ ಆಗಲ್ಲ ಅನ್ನೋ ಸ್ಥಿತಿಲಿದ್ದ 31 ಜನಕ್ಕೆ ಮಾಮೂಲಿ ಓಪಿಡಿಲಿ ಇದನ್ನೇ ಕೊಟ್ಟು ನೋಡಿದ್ರು, 8 ತಿಂಗಳಿಗೆ ಇನ್ನೂ ತಗೊಳ್ತಿದ್ದೋರು 6 ಜನ ಅಷ್ಟೇ, ಉಳಿದೋರಿಗೆ ಕಾಯಿಲೆ ತಿರುಗಿ ಬಂದು ಇಲ್ಲಾ ಹೊಟ್ಟೆಗೆ ಒಗ್ಗದೆ ಬಿಟ್ಟಿದ್ರು. ಪ್ರಯೋಗ ಎಲ್ಲಾ ಸಣ್ಣವು, ಜನ ಕಮ್ಮಿ. 2024ರಲ್ಲಿ ಅಮೆರಿಕದ ಗ್ಯಾಸ್ಟ್ರೋ ಸಂಘ ಎಜಿಎ ಕೊಟ್ಟ ಗೈಡ್‌ಲೈನಲ್ಲೂ ಪದೇ ಪದೇ ಬಂದು ಆಂಟಿಬಯೋಟಿಕ್‌ಗೆ ಬಗ್ಗೋ ಪೌಚೈಟಿಸ್‌ಗೆ ತಡೆಯೋಕೆ ಅಂತ ಪ್ರೋಬಯೋಟಿಕ್ ಸೂಚಿಸಿದಾರೆ, ಆದ್ರೆ ಪುರಾವೆ ಗಟ್ಟಿ ಇಲ್ಲ ಅಂತಲೂ ಹೇಳಿದಾರೆ.

ಈಗ ನಮ್ಮ ಅನುಭವ. ಮೊದಲ್ನೇ ಆರ್ಡರ್ ಪೂರ್ತಿ ಹಾಳು. ಆನ್‌ಲೈನ್ ಫಾರ್ಮಸಿ ಒಂದರಲ್ಲಿ ಎರಡು ತಿಂಗಳಿಗಾಗುವಷ್ಟು ಒಟ್ಟಿಗೆ ತರಿಸಿದ್ವಿ, ರಿಯಾಯಿತಿ ಇತ್ತು ಅಂತ. ಏಪ್ರಿಲ್ ತಿಂಗಳು, ಬೆಂಗಳೂರಿಂದ ತಿಪಟೂರಿಗೆ ಬರೋಕೆ ಐದು ದಿನ ತಗೊಂಡ್ರು, ಡಬ್ಬಿ ತೆಗೆದಾಗ ಐಸ್ ಜೆಲ್ ಪ್ಯಾಕು ನೀರಾಗಿ ಬಿಸಿಯಾಗಿತ್ತು, ಕೈಯಲ್ಲಿ ಹಿಡಿದ್ರೆ ಕಾದ ಹಾಲಿನ ಪ್ಯಾಕೆಟ್ ತರ. ಡಬ್ಬಿ ಮೇಲೆ 2ರಿಂದ 8 ಡಿಗ್ರಿಲಿ ಇಡಿ ಅಂತ ಬರೆದಿದೆ. ಫೋನ್ ಮಾಡಿದ್ರೆ, ಮೇಡಂ ಪ್ರಾಡಕ್ಟ್ ಸೀಲ್ ಇದೆ ಅಲ್ವಾ, ಏನೂ ಆಗಲ್ಲ, ಫ್ರಿಜ್‌ಗೆ ಹಾಕಿ ಅಂತಾರೆ. ಸೀಲ್ ಇದ್ದು ಏನ್ ಮಾಡೋದು, ನಾವು ದುಡ್ಡು ಕೊಟ್ಟಿರೋದು ಪುಡಿಗಲ್ಲ, ಪುಡಿ ಒಳಗಿರೋ ಜೀವಕ್ಕೆ. ಹಾಲಿಗೆ ಬಿಸಿ ಜಾಸ್ತಿ ಇದ್ದಾಗ ಹೆಪ್ಪು ಹಾಕಿದ್ರೆ ಮೊಸರಾಗಲ್ಲ ಅನ್ನೋದು ನಮ್ಮ ಅಜ್ಜಿಗೂ ಗೊತ್ತಿತ್ತು. ಹಿಂದಕ್ಕೆ ತಗೊಳ್ಳಲಿಲ್ಲ, ನಾವೂ ದುಡ್ಡು ಹೋಯ್ತಲ್ಲ ಅಂತ ಅದನ್ನೇ ಕುಡಿಸಿದ್ವಿ, ಆರನೇ ವಾರಕ್ಕೆ ಪೌಚೈಟಿಸ್ ವಾಪಸ್. ಪುಡಿ ಸತ್ತಿದ್ದಕ್ಕೇ ಬಂತು ಅಂತ ನಾನು ಪ್ರಮಾಣ ಮಾಡಿ ಹೇಳಲ್ಲ, ಆದ್ರೆ ಆ ಆರು ವಾರ ವೇಸ್ಟ್ ಆಗಿದ್ದಂತೂ ನಿಜ.

ಅದಾದ್ಮೇಲೆ ಬೆಂಗಳೂರಲ್ಲಿ ನಮ್ಮ ಮನೆ ಹತ್ರನೇ ಒಂದು ಮೆಡಿಕಲ್ ಸ್ಟೋರ್ ಹಿಡಿದೆ, ಇನ್ಸುಲಿನ್, ವ್ಯಾಕ್ಸಿನ್ ಇಡೋ ಫ್ರಿಜ್ಜಿನ ಬಾಗಿಲಿಗೆ ಥರ್ಮಾಮೀಟರ್ ಹಾಕಿ ಬೆಳಗ್ಗೆ ಸಂಜೆ ಬರೆದಿಡೋ ಅಂಗಡಿ. ಅಂಗಡಿ ಹುಡುಗ ಆ ಪುಸ್ತಕನ ತೆಗೆದು ತೋರಿಸಿದ, ಕೇಳದೇ ಇದ್ರೂ. ಕರೆಂಟ್ ಹೋದ ದಿನ ಎಷ್ಟು ಹೊತ್ತು ಹೋಗಿತ್ತು ಅಂತಲೂ ಬರೆದಿದ್ದ. ಅಲ್ಲಿಂದ ತಿಂಗಳಿಗೊಂದು ಸಲ ನಾನೇ ತಗೊಂಡು, ಊಟದ ಐಸ್ ಬಾಕ್ಸಲ್ಲಿ ಎರಡು ಜೆಲ್ ಪ್ಯಾಕ್ ಮಧ್ಯೆ ಟವೆಲ್ ಸುತ್ತಿ ಇಟ್ಟು, ಭಾನುವಾರ ಬೆಳಗಿನ ಟ್ರೈನಿಗೆ ತಿಪಟೂರಿಗೆ ಹೋಗ್ತೀನಿ. ಜೆಲ್ ಪ್ಯಾಕು ಸ್ಯಾಶೆಗೆ ನೇರ ತಾಗಬಾರದು, ಟವೆಲ್ ಅದಕ್ಕೆ. ಅಲ್ಲಿ ಫ್ರಿಜ್ಜಲ್ಲಿ ಬಾಗಿಲ ಕಡೆ ಇಡಲ್ಲ, ಮಧ್ಯದ ತಟ್ಟೆ ಹಿಂದುಗಡೆ, ಮಕ್ಕಳು ಬಾಗಿಲು ತೆಗೆದು ನಿಂತ್ರೂ ತೊಂದರೆ ಆಗದ ಜಾಗ.

ಕುಡಿಯೋ ಕ್ರಮ ಹೀಗೆ. ನಮ್ಮಲ್ಲಿ ನಾಲ್ಕೂ ಒಟ್ಟಿಗೆ ಕೊಡಲ್ಲ, ಬೆಳಗ್ಗೆ ಎರಡು ರಾತ್ರಿ ಎರಡು. ತಣ್ಣೀರು ಇಲ್ಲಾ ಮಜ್ಜಿಗೆ. ಬಿಸಿ ಹಾಲು, ಕಾಫಿ, ಗಂಜಿ ಯಾವುದಕ್ಕೂ ಹಾಕಬೇಡಿ, ಸೋಡಾಗೂ ಬೇಡ. ಮೊದಲ್ನೇ ಹತ್ತು ದಿನ ಗ್ಯಾಸ್, ಹೊಟ್ಟೆ ಗುಡುಗುಡು, ಒಂದೆರಡು ಸಲ ಜಾಸ್ತಿನೇ ಹೋಗಬೇಕಾಯ್ತು, ತಮ್ಮ ನಿಲ್ಲಿಸ್ತೀನಿ ಅಂದ. ಡಾಕ್ಟ್ರಿಗೆ ಕೇಳಿದಾಗ ಒಂದು ವಾರ ಎರಡೇ ಸ್ಯಾಶೆ ಕೊಡಿ, ಆಮೇಲೆ ನಾಲ್ಕಕ್ಕೆ ಏರಿಸಿ ಅಂದ್ರು, ಸರಿ ಹೋಯ್ತು. ಮೊದಲ್ನೇ ದಿನವೇ ನಾಲ್ಕು ಶುರು ಮಾಡಿದ್ದು ನಮ್ಮ ಆತುರ.

ಫಲಿತಾಂಶ. ಪುಡಿ ಸರಿಯಾಗಿ ಶುರುವಾದ್ಮೇಲೆ 14 ತಿಂಗಳಲ್ಲಿ ಒಂದೇ ಸಲ ಪೌಚೈಟಿಸ್ ಬಂದಿದೆ, ಅದಕ್ಕೂ ಕಾರಣ ಗೊತ್ತು. ಹಲ್ಲು ನೋವು ಅಂತ ಊರಲ್ಲಿ ಅಂಗಡಿಲಿ ಕೇಳಿ ನಾಲ್ಕು ದಿನ ಡೈಕ್ಲೋಫೆನಾಕ್ ನುಂಗಿದ್ದ. ಆ ಜಾತಿಯ ನೋವಿನ ಮಾತ್ರೆ, ಐಬುಪ್ರೊಫೆನ್ ಕೂಡ, ಪೌಚ್ ಇರೋರಿಗೆ ಆಗಿಬರಲ್ಲ, ಉರಿಯೂತ ಕೆದಕುತ್ತೆ, ಇದನ್ನ ಯಾರೂ ನಮಗೆ ಮುಂಚೆ ಒತ್ತಿ ಹೇಳಿರಲಿಲ್ಲ. ಈಗ ಅವ್ನ ಪರ್ಸಲ್ಲಿ ಒಂದು ಚೀಟಿ ಇದೆ, ನೋವಿಗೆ ಪ್ಯಾರಾಸಿಟಮಾಲ್ ಮಾತ್ರ ಅಂತ ನನ್ನ ಕೈಬರಹದಲ್ಲೇ. ಪುಡಿಗೂ ಮುಂಚೆ ಎರಡು, ಎರಡೂವರೆ ತಿಂಗಳಿಗೊಂದು ಸಲ ಬರ್ತಿತ್ತು ಅನ್ನೋದು ನೆನಪಿರಲಿ. ಈಗ ದಿನಕ್ಕೆ ಆರು ಸಲ, ರಾತ್ರಿ ಒಂದು, ಕೆಲವು ರಾತ್ರಿ ಅದೂ ಇಲ್ಲ. ಮಂಡಿಲಿ ಬೆಳಗ್ಗೆ ಒಂಬತ್ತಕ್ಕೆ ಕೂತರೆ ಮಧ್ಯಾಹ್ನದ ತನಕ ಏಳೋದು ಒಂದೇ ಸಲ. ಹೋದ ತಿಂಗಳು ಅವ್ನ ಮಗಳ ಸ್ಕೂಲ್ ಡೇಗೆ ಮುಂದಿನ ಸಾಲಲ್ಲಿ ಕೂತಿದ್ದ. ಎರಡು ವರ್ಷದಿಂದ ಎಲ್ಲಿ ಹೋದ್ರೂ ಬಾಗಿಲ ಪಕ್ಕದ ಕುರ್ಚಿ ಹುಡುಕೋನು, ಫೋಟೋ ನೋಡಿ ನನಗೆ ಕಣ್ಣಲ್ಲಿ ನೀರು ಬಂತು.

ಬರೀ ನಮ್ಮ ಮಾತಿಗೆ ಬಿಡದೆ ಟೆಸ್ಟೂ ಮಾಡಿಸ್ತೀವಿ. ಮಲದ ಕ್ಯಾಲ್‌ಪ್ರೊಟೆಕ್ಟಿನ್ ಅಂತ. ಮೇಲೆ ಹೇಳಿದ ನ್ಯೂಟ್ರೋಫಿಲ್ ಇದೆಯಲ್ಲ, ಅದರ ಒಳಗಿನ ದ್ರವದ ಪ್ರೋಟೀನಲ್ಲಿ ಹತ್ತಿರ ಹತ್ತಿರ 60% ಇದೊಂದೇ ಪ್ರೋಟೀನ್. ಕರುಳಿಗೆ ಆ ಕಣಗಳು ಎಷ್ಟು ನುಗ್ಗಿವೆ ಅನ್ನೋದು ಮಲದಲ್ಲಿ ಇದು ಎಷ್ಟಿದೆ ಅನ್ನೋದ್ರಿಂದ ಗೊತ್ತಾಗುತ್ತೆ, ಕ್ಯಾಮೆರಾ ಬಿಡದೇನೆ. ಪೌಚೈಟಿಸ್ ಲಕ್ಷಣ ಕಾಣಿಸೋಕೆ ಎರಡು ತಿಂಗಳು ಮುಂಚೆನೇ ಇದು ಏರೋಕೆ ಶುರುವಾಗುತ್ತೆ ಅಂತ ಜಪಾನಿನ ಅಧ್ಯಯನ ಒಂದರಲ್ಲಿ ಕಂಡಿದೆ. ಇವ್ನಿಗೆ ಕಾಯಿಲೆ ಇದ್ದಾಗ 640 ಇತ್ತು, ಪುಡಿ ಶುರು ಮಾಡಿ ಆರು ತಿಂಗಳಿಗೆ 110, ಈಗ 85. ಒಂದು ನಂಬರ್ ನೋಡಿ ಹೆದರೋದೂ ಬೇಡ ಕುಣಿಯೋದೂ ಬೇಡ, ಒಂದೇ ಲ್ಯಾಬಲ್ಲಿ ಮಾಡಿಸಿ ಏರ್ತಿದೆಯಾ ಇಳೀತಿದೆಯಾ ನೋಡಿ ಅಂತ ಡಾಕ್ಟ್ರು ಹೇಳಿದಾರೆ.

ತುಂಬಾ ಜನ ಕೇಳೋದು, ಮನೆ ಮೊಸರು ಸಾಲದಾ ಅಂತ. ಮೊಸರು ಒಳ್ಳೇದೇ, ಅಂಗಡಿ ಯೋಗರ್ಟ್ ಹೆಪ್ಪಲ್ಲಿರೋ ಥರ್ಮೋಫಿಲಸ್ಸು, ಬಲ್ಗೇರಿಕಸ್ಸು ಅನ್ನೋ ಬ್ಯಾಕ್ಟೀರಿಯಾ ಎರಡೂ ಹಳೇ ಪ್ರಯೋಗಗಳಲ್ಲಿ ಈ ಮಿಶ್ರಣದ ಪಟ್ಟಿಲೂ ಇದ್ವು. ಆದ್ರೆ ಮನೆ ಹೆಪ್ಪಲ್ಲಿ ಯಾವ ತಳಿ ಎಷ್ಟಿದೆ ಅಂತ ದಿನಾ ಒಂದೇ ಇರಲ್ಲ, ಬೈಫಿಡೋ ಜಾತಿ ಇರುತ್ತೆ ಅಂತ ನಂಬೋಕಾಗಲ್ಲ, 1800 ಬಿಲಿಯನ್ ಲೆಕ್ಕ ಯಾವ ಬಟ್ಟಲಿಗೂ ಹಾಕೋಕಾಗಲ್ಲ. ಮೊಸರನ್ನ ಊಟ ಅಂತ ತಿನ್ನಿ, ಔಷಧಿ ಅಂತ ಅಲ್ಲ. ಒಂದೇ ತಳಿ ಇರೋ ಪ್ರೋಬಯೋಟಿಕ್ ಬಗ್ಗೆನೂ ಹೇಳ್ಬಿಡ್ತೀನಿ, ಲ್ಯಾಕ್ಟೋಬ್ಯಾಸಿಲಸ್ ಜಿಜಿ ಅಂತ ಹೆಸರುವಾಸಿ ತಳಿ ಇದೆ, ಅದೊಂದನ್ನೇ ಪೌಚೈಟಿಸ್ ಇರೋರಿಗೆ ಮೂರು ತಿಂಗಳು ಕೊಟ್ಟು ನೋಡಿದಾಗ ರೋಗಿಗಳಿಗೆ ಏನೂ ಪ್ರಯೋಜನ ಆಗಿರಲಿಲ್ಲ.

ಯಾರು ತಗೋಬಾರದು ಅಂದ್ರೆ, ಈಗ ಜೋರಾಗಿ ಪೌಚೈಟಿಸ್ ಇರೋರು ಆಂಟಿಬಯೋಟಿಕ್ ಬಿಟ್ಟು ಇದನ್ನೇ ನಂಬ್ಕೊಂಡು ಕೂರಬೇಡಿ, ಮೊದ್ಲು ಬೆಂಕಿ ಆರಲಿ. ರೋಗನಿರೋಧಕ ಶಕ್ತಿ ತುಂಬಾ ಕುಸಿದಿರೋರು, ಎದೆಗೆ ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಬಿಡೋ ನಳಿಕೆ) ಹಾಕಿರೋರು, ಐಸಿಯುಲಿರೋರು ಡಾಕ್ಟ್ರನ್ನ ಕೇಳದೆ ಮುಟ್ಟಲೇಬೇಡಿ, ಅಪರೂಪಕ್ಕಾದ್ರೂ ಈ ಜೀವಾಣು ರಕ್ತಕ್ಕೆ ಸೇರಿದ ಕೇಸ್‌ಗಳಿವೆ. ಆಂಟಿಬಯೋಟಿಕ್‌ಗೂ ಬಗ್ಗದ, ವರ್ಷಗಟ್ಟಲೆ ಎಳೆಯೋ ಪೌಚೈಟಿಸ್ ಇದ್ರೆ ಪುಡಿ ಮೇಲೆ ದುಡ್ಡು ಸುರಿಯೋ ಮುಂಚೆ ವೆಡೊಲಿಜುಮ್ಯಾಬ್ ಬಗ್ಗೆ ಕೇಳಿ. ಅದು ಬಿಳಿ ರಕ್ತಕಣಗಳು ರಕ್ತದಿಂದ ಕರುಳಿನೊಳಗೆ ಇಳಿಯೋ ಬಾಗಿಲನ್ನೇ ಮುಚ್ಚೋ ಇಂಜೆಕ್ಷನ್, ಮೈಯೆಲ್ಲಾ ಅಲ್ಲ, ಮುಖ್ಯವಾಗಿ ಕರುಳಿಗೆ ಮಾತ್ರ. 2023ರಲ್ಲಿ ಬಂದ ಅರ್ನೆಸ್ಟ್ ಅನ್ನೋ ಪ್ರಯೋಗದಲ್ಲಿ 102 ಜನಕ್ಕೆ ಕೊಟ್ಟು ನೋಡಿದಾರೆ, 14ನೇ ವಾರಕ್ಕೆ ಅದು ತಗೊಂಡೋರಲ್ಲಿ 31% ಜನ ಆರಾಮ, ಡಮ್ಮಿಯವ್ರಲ್ಲಿ 10%. ನಮ್ಮ ತಮ್ಮನಿಗೆ ಅಲ್ಲೀತನಕ ಹೋಗೋ ಪರಿಸ್ಥಿತಿ ಬಂದಿಲ್ಲ.

ಒಂದು ಸ್ಟಾರ್ ಕಮ್ಮಿ ಮಾಡಿದ್ದು ಯಾಕೆ ಅಂದ್ರೆ ಖರ್ಚು. ದಿನಕ್ಕೆ ನಾಲ್ಕರಂತೆ ಒಂದು ತಿಂಗಳಿಗೆ ಆಗೋ ದುಡ್ಡು ತಮ್ಮನ ಮನೆ ರೇಷನ್ ಬಿಲ್ಲಿಗೆ ಸಮ. ಇದನ್ನ ಆಹಾರ ಪೂರಕ ಅಂತ ಲೆಕ್ಕ ಹಾಕಿ ನಮ್ಮ ಇನ್ಶೂರೆನ್ಸ್‌ನವ್ರು ಒಂದು ರೂಪಾಯಿನೂ ಕೊಡಲಿಲ್ಲ. ಆಪರೇಷನ್‌ಗೆ ಲಕ್ಷಗಟ್ಟಲೆ ಕೊಟ್ಟೋರು, ಆ ಆಪರೇಷನ್ ಉಳಿಸೋ ಪುಡಿಗೆ ಕೊಡಲ್ಲ ಅಂದ್ರೆ ಹೊಟ್ಟೆ ಉರಿಯುತ್ತೆ. ಅಡಿಕೆ ಕೊಬ್ಬರಿ ಮಾರೋರ ಮನೇಲಿ ರೇಟ್ ಬಿದ್ದ ತಿಂಗಳು ಇದನ್ನ ಹೊಂದಿಸೋದು ಕಷ್ಟ, ಕೂಲಿ ಮಾಡೋರ ಮನೇಲಿ ಹೇಗೆ ಮಾಡ್ತಾರೋ ಅಂತ ಯೋಚ್ನೆ ಬರುತ್ತೆ. ಆರು ತಿಂಗಳಾದ್ಮೇಲೆ ಡಾಕ್ಟ್ರನ್ನ ಕೇಳಿ ಮೂರಕ್ಕೆ ಇಳಿಸಿದ್ವಿ, ಅದೂ ಸರಿ ಹೋಗಿದೆ, ಇನ್ನೂ ಇಳಿಸೋಕೆ ಅವ್ರು ಒಪ್ಪಿಲ್ಲ. ದುಡ್ಡಿಲ್ಲ ಅಂತ ನಿಮ್ಮಷ್ಟಕ್ಕೆ ನೀವೇ ಒಂದಕ್ಕೆ ಇಳಿಸಿಕೊಂಡು ಪುಡಿ ಕೆಲಸ ಮಾಡಲ್ಲ ಅಂತ ಹೇಳಬೇಡಿ, ಕೇಳಿ ಇಳಿಸಿ.

ಡಿಸೆಂಬರಲ್ಲಿ ಮತ್ತೆ ಕ್ಯಾಮೆರಾ ಬಿಟ್ಟು ನೋಡ್ತಾರೆ, ಈ ಸಲ ಬಯಾಪ್ಸಿಲಿ ನ್ಯೂಟ್ರೋಫಿಲ್ ಬಗ್ಗೆ ಏನು ಬರೀತಾರೆ ನೋಡ್ಬೇಕು. ರಿಪೋರ್ಟ್ ಬಂದ್ಮೇಲೆ ಇದರ ಕೆಳಗೇ ಸೇರಿಸ್ತೀನಿ. ಐಸ್ ಬಾಕ್ಸ್ ಪ್ಯಾಕ್ ಮಾಡೋದು ಹೇಗೆ ಅಂತ ಬೇಕಾದೋರು ಕೇಳಿ, ಫೋಟೋ ಹಾಕ್ತೀನಿ.